ಬೆಳಗಿನ ಜಾವದ ಸೊನ್ನೆ

ಜನವರಿ 9, ಸೋಮವಾರ

ಕಚೇರಿಯಿಂದ ಹೊಸ ಡೈರಿ ಬಂತು. ಪ್ರತಿ ವರ್ಷವೂ ಬರುತ್ತದೆ, ಪ್ರತಿ ವರ್ಷವೂ ಅದು ಹಾಗೇ ಅಕ್ಕನ ಮನೆಗೆ ಹೋಗುತ್ತದೆ. ಅವಳು ದಿನಕ್ಕೊಂದು ಹಾಳೆ ಹರಿದು ಒಲೆ ಹೊತ್ತಿಸುತ್ತಾಳೆ. "ಸರ್ಕಾರದ ಕಾಗದ ಚೆನ್ನಾಗಿ ಉರಿಯುತ್ತೆ ಕಣೋ, ಒಳಗೆ ಏನೂ ಇರಲ್ವಲ್ಲ" ಅನ್ನುವುದು ಅವಳ ತಮಾಷೆ. ಈ ಸಲ ಕೊಡುವುದಿಲ್ಲ. ಈ ಸಲ ನಾನೇ ಬರೆಯುತ್ತೇನೆ. ಯಾಕೆಂದರೆ ನನ್ನ ಹೆಸರು ಅಚ್ಚಾಗಿದೆ!

ಡೈರಿಯ ಜೊತೆಗೇ ವರದಿಯೂ ಬಂತು. 'ಗುಡ್ಡದ ತೋಪಿನ ನೀರಿನ ಬಳಕೆ.' ಮೊದಲು ನನಗೆ ಕೆಲಸ ಕಲಿಸಿದ ಹಳೇ ಸಾಹೇಬರ ಹೆಸರು, ಆಮೇಲೆ ಅವರ ಜಾಗಕ್ಕೆ ಬಂದ ಮೇಡಂ ಹೆಸರು, ಅದರ ಕೆಳಗೆ ನನ್ನದು. ಮೂರೂ ಒಂದೇ ಗಾತ್ರದ ಅಕ್ಷರ. ನಾನು ಅಳತೆಪಟ್ಟಿ ಇಟ್ಟು ನೋಡಿದೆ.

ನನ್ನ ಕೆಲಸವನ್ನು ಅಜ್ಜಿ ಬದುಕಿದ್ದಾಗ ಅವಳಿಗೆ ಹೇಳಿ ನಗಿಸಿದ್ದೆ: ಮರಗಳು ದಿನಕ್ಕೆ ಎಷ್ಟು ಕೊಡ ನೀರು ಕುಡಿಯುತ್ತವೆ ಅಂತ ಎಣಿಸುವುದು. "ಅದಕ್ಕೂ ಸಂಬಳ ಕೊಡ್ತಾರಾ?" ಅಂದಿದ್ದಳು. ಕೊಡುತ್ತಾರೆ. ಹನ್ನೆರಡು ಮರಗಳ ಕಾಂಡಕ್ಕೆ ಎರಡೆರಡು ಸೂಜಿ ಚುಚ್ಚಿದ್ದೇವೆ, ಒಂದರ ಮೇಲೊಂದು. ಮೇಲಿನ ಸೂಜಿ ಬಿಸಿ. ಬೇರಿನಿಂದ ನೀರು ಏರಿದಾಗ ಅದು ತಣ್ಣಗಾಗುತ್ತದೆ. ಎರಡು ಸೂಜಿಗಳ ನಡುವಿನ ವ್ಯತ್ಯಾಸ ಕಡಿಮೆಯಾದಷ್ಟೂ ಮರ ಹೆಚ್ಚು ಕುಡಿಯುತ್ತಿದೆ ಎಂದು ಅರ್ಥ. ಇಷ್ಟೇ ವಿದ್ಯೆ. ಇನ್ನೊಂದು ಗುಟ್ಟಿದೆ, ಅದನ್ನು ಕಲಿಸಿದವರು ಸಾಹೇಬರು: "ರಾತ್ರಿ ಮರ ಕುಡಿಯಲ್ಲ, ಮಲಗುತ್ತೆ. ಬೆಳಗಿನ ಜಾವ ಬರೋ ಅಂಕಿಯನ್ನೇ ಸೊನ್ನೆ ಅಂತ ಹಿಡ್ಕೋ. ಮಿಕ್ಕಿದ್ದೆಲ್ಲ ಅಲ್ಲಿಂದ ಎಣಿಸು." ಒಂಬತ್ತು ವರ್ಷದಿಂದ ದಿನಾ ಜಾವಕ್ಕೆ ಎದ್ದು ಹನ್ನೆರಡು ಮರಗಳಿಗೆ ಸೊನ್ನೆ ಹಾಕುತ್ತಿದ್ದೇನೆ. ಒಂದು ದಿನವೂ ತಪ್ಪಿಲ್ಲ.

ನಾನಿರುವುದು ತೋಪಿನ ನಡುವಿನ ಎರಡು ಕೋಣೆಯ ಅಳತೆ ಠಾಣೆಯಲ್ಲಿ. ಸುತ್ತ ಎಂಥ ಎಲೆಯೆಂದರೆ, ಅಕ್ಕ ಕೆಳಗಿನ ಕೇರಿಯಿಂದ ಏರು ಹತ್ತಿ ಬಂದರೆ ಬಾಗಿಲಿಗೆ ಬಂದು ಕೂಗುವವರೆಗೂ ಕಾಣುವುದಿಲ್ಲ. ಮರಗಳಿಗೆ ನಾನೇ ಹೆಸರಿಟ್ಟಿದ್ದೇನೆ. ನೆಟ್ಟಗೆ ನಿಂತವನು ಹವಾಲ್ದಾರ. ಬಾಗಿದವಳು ಗೂನಜ್ಜಿ. ಸದಾ ಅಂಟು ಸುರಿಸುವವಳು ಅಳುಮುಂಜಿ. ಸೊನ್ನೆ ಹಾಕುವಾಗ ಕೇರಿಯ ಸುದ್ದಿಯನ್ನೆಲ್ಲ ಅವರಿಗೆ ಹೇಳುತ್ತೇನೆ. ಇವತ್ತು ವರದಿಯನ್ನು ಹವಾಲ್ದಾರನ ಮುಂದೆ ಗಟ್ಟಿಯಾಗಿ ಓದಿದೆ: ಮರಗಳು ಕುಡಿಯುವುದು ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿದೆ, ಗುಡ್ಡದ ಒಡಲಲ್ಲಿ ನೀರು ಸಾಕಷ್ಟು ಮಿಕ್ಕಿದೆ.

ಅವನು ಏನೂ ಅನ್ನಲಿಲ್ಲ. ಹವಾಲ್ದಾರರು ಹಾಗೆಯೇ.

ಜನವರಿ 15, ಭಾನುವಾರ

ಅಕ್ಕನ ಮನೆಯಲ್ಲಿ ಊಟ. ವರದಿ ತೋರಿಸಿದೆ. ಅಕ್ಕ ನನ್ನ ಹೆಸರಿನ ಮೇಲೆ ಬೆರಳಾಡಿಸಿದಳು. ಭಾವ ಕನ್ನಡಕ ಹಾಕಿಕೊಂಡು ಮೊದಲ ಪುಟದಿಂದ ಓದಲು ಶುರುಮಾಡಿ, ಎರಡನೇ ಪುಟಕ್ಕೆ ನಿದ್ದೆ ಹೋದರು.

ಭಾವನ ಬಗ್ಗೆ ಬರೆಯಬೇಕು. ಕೇರಿಯ ಮೂವತ್ತು ಮನೆಗೂ ಗುಡ್ಡದ ಬುಡದ ಒಂದೇ ಒರತೆ. ಒರತೆಯ ನೀರು ಕಲ್ಲಿನ ತೊಟ್ಟಿಗೆ ಬೀಳುತ್ತದೆ. ತೊಟ್ಟಿಗೆ ಕಬ್ಬಿಣದ ಮುಚ್ಚಳ, ಮುಚ್ಚಳಕ್ಕೆ ಬೀಗ, ಬೀಗದ ಕೈ ಭಾವನ ಸೊಂಟದಲ್ಲಿ. ಇಪ್ಪತ್ತೆರಡು ವರ್ಷದಿಂದ ಅಲ್ಲೇ ಇದೆ. ಬೆಳಿಗ್ಗೆ ಆರಕ್ಕೆ ತೆರೆಯುತ್ತಾರೆ, ಸಂಜೆ ಆರಕ್ಕೆ ಮುಚ್ಚುತ್ತಾರೆ. ಯಾರಿಗೂ ಒಂದು ಕೊಡ ಹೆಚ್ಚಿಲ್ಲ, ಒಂದು ಕೊಡ ಕಡಿಮೆಯಿಲ್ಲ. ಅಕ್ಕನಿಗೂ ಇಲ್ಲ. "ಮದುವೆ ದಿನವೂ ಆರು ಗಂಟೆಗೆ ಎದ್ದು ಹೋಗಿದ್ರು ಈ ಮಹಾರಾಯರು" ಅಂತ ಅವಳು ಇವತ್ತಿಗೂ ಮೂತಿ ತಿರುವುತ್ತಾಳೆ.

ಊಟಕ್ಕೆ ಎಬ್ಬಿಸಿದಾಗ ಭಾವ ಎದ್ದು ಕೂತು ಒಂದು ಮಾತು ಹೇಳಿದರು. "ಒಂದು ವಿಚಿತ್ರ ನೋಡು. ಮೊದಲು ಸಂಜೆ ಮುಚ್ಚುವಾಗ ಅರ್ಧ ತೊಟ್ಟಿ ಇದ್ರೆ ಬೆಳಿಗ್ಗೆ ಕಂಠಮಟ್ಟ ತುಂಬಿರ್ತಿತ್ತು. ರಾತ್ರಿಯೆಲ್ಲ ಏರ್ತಿತ್ತು. ಈಗ ಏರಲ್ಲ. ಸಂಜೆ ಎಷ್ಟೋ ಬೆಳಿಗ್ಗೆ ಅಷ್ಟೇ."

"ರಾತ್ರಿ ಯಾರೋ ಬಂದು ಕುಡ್ಕೊಂಡು ಹೋಗ್ತಿದಾರೆ ಬಿಡಿ ಭಾವ" ಅಂದೆ ನಾನು.

ಎಲ್ಲರೂ ನಕ್ಕೆವು. ಹಿಟ್ಟಿನ ಗಿರಣಿಯವನು ಕಿಟಕಿಯಾಚೆ ಹೋಗುತ್ತಿದ್ದವನು ನಿಂತು "ಏನ್ ನಗು? ನಮಗೂ ಹೇಳಿ" ಅಂದ. ಭಾವ ಅವನಿಗೂ ಹೇಳಿದರು. ಅವನು ನಗಲಿಲ್ಲ.

ಜನವರಿ 28, ಶನಿವಾರ

ಇಷ್ಟು ಹೊತ್ತಿಗೆ ಚಳಿ ಇರಬೇಕಾಗಿತ್ತು. ರಾತ್ರಿಯೂ ಬಾಗಿಲು ತೆರೆದೇ ಮಲಗುತ್ತೇನೆ. ಮಳೆ ಕಡಿಮೆಯಾಗಿದೆ ಅನ್ನುವಂತಿಲ್ಲ, ಮಳೆ ಅಳೆಯುವ ಡಬ್ಬಿಯ ಅಂಕಿ ಹೋದ ವರ್ಷದಷ್ಟೇ ಇದೆ. ಬದಲಾದದ್ದು ಗಾಳಿ. ಒದ್ದೆ ಬಟ್ಟೆ ಹಗ್ಗಕ್ಕೆ ಹಾಕಿ ತಿರುಗುವಷ್ಟರಲ್ಲಿ ಒಣಗಿ ಕಟುಕಟು ಅನ್ನುತ್ತದೆ. ಗಾಳಿಗೇ ಬಾಯಾರಿಕೆಯಾದ ಹಾಗಿದೆ.

ಮೇಡಂ ಬಂದಿದ್ದರು. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು, ಆದರೂ ನನ್ನನ್ನು 'ಅಣ್ಣ' ಅನ್ನುತ್ತಾರೆ, ನಾನು ತಂದ ಚಹಾ ಎದ್ದು ನಿಂತು ತೆಗೆದುಕೊಳ್ಳುತ್ತಾರೆ. ಒಂದು ಸಣ್ಣ ಪೆಟ್ಟಿಗೆ ತಂದು ಗೂನಜ್ಜಿಯ ಕಾಂಡಕ್ಕೆ ಅಂಟಿಸಿದರು. ಮರದೊಳಗೆ ನೀರು ಎಳೆಎಳೆಯಾಗಿ ನಿಂತಿರುತ್ತದಂತೆ, ಬೇರಿನಿಂದ ಎಲೆಯವರೆಗೆ. ಎಳೆತ ಜಾಸ್ತಿಯಾದರೆ ಎಳೆ ತುಂಡಾಗುತ್ತದೆ, ಆ ಜಾಗಕ್ಕೆ ಗಾಳಿ ಸೇರುತ್ತದೆ. ತುಂಡಾಗುವ ಸದ್ದು ನಮ್ಮ ಕಿವಿಗೆ ಕೇಳದು, ಪೆಟ್ಟಿಗೆಗೆ ಕೇಳುತ್ತದೆ.

ಪೆಟ್ಟಿಗೆಯ ತಂತಿಯನ್ನು ನಾನೂ ಕಿವಿಗೆ ಹಾಕಿಕೊಂಡೆ. ಸ್ವಲ್ಪ ಹೊತ್ತು ಏನಿಲ್ಲ. ಆಮೇಲೆ ಟಿಕ್.

"ಇದು ಒಂದೆರಡು ಇದ್ರೆ ಪರವಾಗಿಲ್ಲ ಅಣ್ಣ" ಅಂದರು ಮೇಡಂ. "ನಿಮ್ಮ ಅಂಕಿ ನೋಡಿದ್ಮೇಲೆ ನನಗೆ ಸಮಾಧಾನ. ಮರಗಳು ಜಾಸ್ತಿ ಕುಡೀತಿದ್ರೆ ಬೇಸಿಗೆಗೆ ಮುಂಚೆ ಮೂರರಲ್ಲಿ ಒಂದು ಸಾಲು ಕಡಿಸಿಬಿಡಬೇಕಿತ್ತು. ಉಳಿದ ಎರಡಾದರೂ ಬದುಕಲಿ ಅಂತ. ಸದ್ಯ, ಬೇಕಾಗಿಲ್ಲ."

ಒಂದು ಸಾಲು ಕಡಿಯುವುದೆಂದರೆ ಹವಾಲ್ದಾರನೂ ಹೋಗುತ್ತಿದ್ದ. ಸದ್ಯ.

ಫೆಬ್ರವರಿ 6, ಸೋಮವಾರ

ಕೇರಿಯವರು ಹತ್ತು ದಿನದ ಹಿಂದೆ ಕಚೇರಿಗೆ ಅರ್ಜಿ ಬರೆದಿದ್ದರಂತೆ, ಒರತೆ ಸೊರಗಿದೆ, ಏನಾದರೂ ಮಾಡಿ ಅಂತ. ಉತ್ತರ ಬಂದಿದೆ. ಗಿರಣಿಯವನು ಅದನ್ನು ಗಿರಣಿಯ ಬಾಗಿಲಿಗೆ ಅಂಟಿಸಿದ್ದಾನೆ. ನಾನೂ ಓದಿದೆ.

'ಗುಡ್ಡದಲ್ಲಿ ನೀರು ಸಾಕಷ್ಟು ಮಿಕ್ಕಿರುವುದು ವರದಿಯಿಂದ ದೃಢಪಟ್ಟಿದೆ. ಆದ್ದರಿಂದ ತೊಟ್ಟಿಯಿಂದ ನೀರು ಸೋರಿಕೆ ಅಥವಾ ಅನಧಿಕೃತವಾಗಿ ಹೊರಹೋಗುತ್ತಿರುವ ಬಗ್ಗೆ ಸ್ಥಳೀಯವಾಗಿ ಪರಿಶೀಲಿಸಿಕೊಳ್ಳುವುದು.'

ತೊಟ್ಟಿ ಸೋರುತ್ತಿಲ್ಲ. ಮೂರು ಜನ ಇಳಿದು ಗೋಡೆ ಒಣಗಿಸಿ ನೋಡಿದ್ದಾರೆ.

"ಸೋರ್ತಿಲ್ಲ ಅಂದ್ಮೇಲೆ ಇನ್ನೇನು? ಬೀಗದ ಕೈ ಇರೋದು ಒಂದೇ" ಅಂದನಂತೆ ಗಿರಣಿಯವನು, ಭಾವನ ಮುಂದೆಯೇ. ಭಾವ ನೆಟ್ಟಗೆ ಮನೆಗೆ ಬಂದು ಮಡಿಚುವ ಕುರ್ಚಿ ತೆಗೆದುಕೊಂಡು ಹೋದರಂತೆ. ಇವತ್ತಿನಿಂದ ರಾತ್ರಿ ತೊಟ್ಟಿಯ ಪಕ್ಕವೇ ಕೂರುತ್ತಾರಂತೆ, ಕಳ್ಳನನ್ನು ಹಿಡಿಯಲು. ಅರವತ್ತೊಂದು ವಯಸ್ಸು. ಅಕ್ಕನ ಕಣ್ಣು ಕೆಂಪಾಗಿತ್ತು. ನಾನು ತಮಾಷೆ ಮಾಡಲು ನೋಡಿದೆ, ಆಗಲಿಲ್ಲ.

ಫೆಬ್ರವರಿ 11, ಶನಿವಾರ

ಭಾವ ಠಾಣೆಗೆ ಬಂದಿದ್ದರು. ಏರು ಹತ್ತಿದ ದಣಿವಿಗೆ ಬಾಗಿಲ ಚೌಕಟ್ಟು ಹಿಡಿದು ನಿಂತರು. ಐದು ರಾತ್ರಿ ನಿದ್ದೆಯಿಲ್ಲದ ಮುಖ.

"ಒಂದು ಕೋಲಿಗೆ ಗುರುತು ಹಾಕಿ ನೀರಲ್ಲಿ ಇಳಿಬಿಟ್ಟಿದ್ದೆ. ಗಂಟೆಗೊಂದ್ಸಲ ನೋಡ್ದೆ. ಯಾರೂ ಬರಲ್ಲ ಕಣಪ್ಪಾ. ಒಂದು ನಾಯಿಯೂ ಬರಲ್ಲ. ಆದ್ರೆ ನೀರು ಏರಲ್ಲ. ಒಳಗೇ ಯಾರೋ ಕುಡೀತಾ ಇರೋ ಹಾಗಿದೆ."

"ಗುಡ್ಡದೊಳಗೆ ಯಾರು ಕೂತಿರ್ತಾರೆ ಭಾವ!"

"ಅದನ್ನೇ ನಿನ್ನ ಕೇಳಕ್ಕೆ ಬಂದೆ. ನಿನ್ನ ಯಂತ್ರಗಳು ರಾತ್ರಿಯೆಲ್ಲ ಎಚ್ಚರ ಇರ್ತವಲ್ಲ. ಏನಾದ್ರೂ ಕಂಡ್ರೆ ಹೇಳು. ನನಗೆ ಇನ್ಯಾರನ್ನ ಕೇಳ್ಬೇಕೋ ಗೊತ್ತಿಲ್ಲ."

"ನೋಡ್ತೀನಿ ಭಾವ" ಅಂದೆ.

ಫೆಬ್ರವರಿ 12, ಭಾನುವಾರ

ಅಕ್ಕನ ಮನೆಗೆ ಹೋಗಲಿಲ್ಲ. ಬೆಳಗಿನಿಂದ ಕೂತ ಕಡೆಯಿಂದ ಎದ್ದಿಲ್ಲ.

ಭಾವನ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಜಾವಕ್ಕೆ ಹವಾಲ್ದಾರನಿಗೆ ಸೊನ್ನೆ ಹಾಕಿದೆ. ವ್ಯತ್ಯಾಸ ಒಂಬತ್ತು ಡಿಗ್ರಿ. ಒಂಬತ್ತನ್ನು ಸೊನ್ನೆ ಅಂತ ಬರೆದೆ, ಎಂದಿನಂತೆ. ಬರೆದು ಪೆನ್ನು ಎತ್ತುವಾಗ ಯಾಕೋ ಮೊದಲ ವರ್ಷದ ಪುಸ್ತಕ ತೆಗೆಯೋಣ ಅನ್ನಿಸಿತು. ಆ ವರ್ಷ ಮೂರು ದಿನ ಬಿಡದೆ ಮಳೆ ಸುರಿದಿತ್ತು. ಎಲೆಯೆಲ್ಲ ತೊಯ್ದು, ಗಾಳಿಯೂ ತೊಯ್ದು, ಮರಗಳಿಗೆ ಹನಿ ಕುಡಿಯುವ ಅವಕಾಶವೂ ಇರಲಿಲ್ಲ. ಆ ರಾತ್ರಿಗಳ ಅಂಕಿ ನನ್ನದೇ ಕೈಬರಹದಲ್ಲಿದೆ: ಹನ್ನೊಂದು. ಹವಾಲ್ದಾರ ಹನ್ನೊಂದು, ಗೂನಜ್ಜಿ ಹನ್ನೊಂದು, ಅಳುಮುಂಜಿ ಹನ್ನೊಂದು.

ಹಾಗಾದರೆ ನಿಜವಾದ ಸೊನ್ನೆ ಹನ್ನೊಂದು.

ಎರಡೆರಡು ವರ್ಷಕ್ಕೊಂದರಂತೆ ಮುಂದಿನ ಪುಸ್ತಕಗಳನ್ನು ತೆಗೆದೆ. ಹನ್ನೊಂದು, ಹತ್ತೂಮುಕ್ಕಾಲು, ಹತ್ತೂವರೆ, ಹತ್ತು, ಒಂಬತ್ತು. ವರ್ಷ ವರ್ಷವೂ ಜಾವದ ಅಂಕಿ ಇಳಿದಿದೆ. ಇಳಿದದ್ದನ್ನು ಪ್ರತಿ ಜಾವ ನಾನೇ ಸೊನ್ನೆ ಅಂತ ಬರೆದಿದ್ದೇನೆ. ಬಿಸಿ ಸೂಜಿ ರಾತ್ರಿಯೂ ತಣ್ಣಗಾಗುತ್ತಿದೆ. ಅಂದರೆ ರಾತ್ರಿಯೂ ನೀರು ಏರುತ್ತಿದೆ. ಮರಗಳು ಮಲಗುತ್ತಿಲ್ಲ. ಹಗಲು ಬಿಸಿಗಾಳಿಗೆ ಹೆದರಿ ಎಲೆಯ ಬಾಯಿ ಮುಚ್ಚಿಕೊಳ್ಳುತ್ತವೆ, ರಾತ್ರಿ ಕುಡಿಯುತ್ತವೆ. ತಣ್ಣಗಿನ ರಾತ್ರಿಗಳಿದ್ದಾಗ ಸಾಹೇಬರ ಮಾತು ಸರಿಯಿತ್ತು. ಈಗಿನ ರಾತ್ರಿಗಳು ಆ ರಾತ್ರಿಗಳಲ್ಲ.

ಹನ್ನೊಂದರಿಂದ ಎಣಿಸಿ ನೋಡಿದೆ. ವರದಿಯಲ್ಲಿ ಬರೆದದ್ದಕ್ಕಿಂತ ಎರಡು ಪಟ್ಟು ಕುಡಿಯುತ್ತಿವೆ. ಗುಡ್ಡದಲ್ಲಿ ಏನೂ ಮಿಕ್ಕಿಲ್ಲ.

ಭಾವನ ಕಳ್ಳ ಸಿಕ್ಕ. ಹನ್ನೆರಡು ಕಳ್ಳರ ಕಾಂಡಕ್ಕೆ ಸೂಜಿ ಚುಚ್ಚಿ, ದಿನಾ ಬೆಳಗಾಗೆದ್ದು 'ಇವರು ನಿದ್ದೆ ಮಾಡುತ್ತಿದ್ದರು' ಅಂತ ಸಾಕ್ಷಿ ಬರೆದವನು ನಾನು.

ನಾಳೆಯೇ ಮೇಡಂಗೆ ಫೋನು ಮಾಡಬೇಕು. ಸಂಜೆಯೇ ಭಾವನಿಗೆ ಹೇಳಬೇಕು. ಇನ್ನೂ ಹೊತ್ತು ಮೀರಿಲ್ಲ, ಒಂದು ಸಾಲು ಕಡಿಸಬಹುದು.

ಫೆಬ್ರವರಿ 13, ಸೋಮವಾರ

ಫೋನು ಮಾಡಲಿಲ್ಲ. ಸೂಜಿ ಹಳೆಯದಾಗಿಯೂ ಅಂಕಿ ಇಳಿದಿರಬಹುದಲ್ಲ. ಹೊಸ ಸೂಜಿ ಹಾಕಿ ನೋಡದೆ ಹಾಗೆಲ್ಲ ಬಾಯಿಬಿಡುವುದು ಸರಿಯಲ್ಲ. ಸಾಹೇಬರಿಗೂ ಕೆಟ್ಟ ಹೆಸರು.

ಫೆಬ್ರವರಿ 16, ಗುರುವಾರ

ಹೊಸ ಸೂಜಿ. ಅದೂ ಒಂಬತ್ತು.

ಫೆಬ್ರವರಿ 20, ಸೋಮವಾರ

ಮೇಡಂ ಬಂದರು. ಹೇಳಬೇಕೆಂದೇ ಹಳೇ ಪುಸ್ತಕ ಮೇಜಿನ ಮೇಲೆ ಇಟ್ಟಿದ್ದೆ. ಅವರು ಬಂದವರೇ ಚೀಲದಿಂದ ಒಂದು ಕಾಗದ ತೆಗೆದರು. ದೊಡ್ಡ ಸಭೆಯೊಂದರಲ್ಲಿ ನಮ್ಮ ವರದಿ ಓದಿದರಂತೆ. "ಈ ಅಂಕಿಗಳ ಹಿಂದೆ ಒಂಬತ್ತು ವರ್ಷ ಒಂದೂ ಜಾವ ತಪ್ಪಿಸದ ಒಬ್ಬರಿದ್ದಾರೆ ಅಂದೆ. ಎಲ್ಲರೂ ಚಪ್ಪಾಳೆ ಹೊಡೆದ್ರು ಅಣ್ಣ." ಸಭೆಯ ಆ ಕಾಗದವನ್ನು ನನ್ನ ಕೈಗಿಟ್ಟರು.

ಚಹಾ ಮಾಡಿಕೊಟ್ಟೆ. ಪುಸ್ತಕವನ್ನು ಕಪಾಟಿನಲ್ಲಿಟ್ಟೆ.

ಹೋಗುವಾಗ ಗೂನಜ್ಜಿಯ ಪೆಟ್ಟಿಗೆ ನೋಡಿ ಹುಬ್ಬು ಗಂಟಿಕ್ಕಿದರು. ದಿನಕ್ಕೆ ಮುನ್ನೂರು ಟಿಕ್. "ನೀರು ಇರುವಾಗ ಯಾಕೆ ಹೀಗೆ?" ಅಂತ ತಮ್ಮಷ್ಟಕ್ಕೆ ಅಂದುಕೊಂಡರು. ನನ್ನನ್ನು ಕೇಳಿದ್ದಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ಫೆಬ್ರವರಿ 27, ಸೋಮವಾರ

ಮೂರು ವಾರದಿಂದ ರಾತ್ರಿಯೆಲ್ಲ ಭಾವ ತೊಟ್ಟಿಯ ಹತ್ತಿರವೇ. ಅಕ್ಕ ರಾತ್ರಿಯ ಊಟ ಅಲ್ಲಿಗೇ ಒಯ್ಯುತ್ತಾಳಂತೆ. ನನಗೆ ಭಾನುವಾರ ಹೋಗಲಾಗಲಿಲ್ಲ, ಕೆಲಸ ಬಹಳ. ಕೇರಿಯ ಜನ ಇತ್ತೀಚೆಗೆ ತುಂಬ ಮಾತಾಡುತ್ತಾರೆ. ಅಂಗಡಿಗೆ ಹೋದರೆ ಒಬ್ಬೊಬ್ಬರೂ ನಿಲ್ಲಿಸುತ್ತಾರೆ. ಅಂಗಡಿಯವಳು "ಏನಣ್ಣ, ಬಾಯಿಗೆ ಬೀಗ ಹಾಕ್ಕೊಂಡಿದೀಯ? ಅದರ ಕೈಯೂ ನಿಮ್ಮ ಭಾವನ ಹತ್ರಾನೇ ಇದೆಯಾ?" ಅಂದಳು. ಎಲ್ಲರೂ ನಕ್ಕರು. ಇದರಲ್ಲಿ ನಗುವಂಥದ್ದೇನು.

ಬಿಸಿಗಾಳಿಗೆ ಕಿಟಕಿಗಳನ್ನು ಮುಚ್ಚಿ ಸಂದಿಗೆ ಬಟ್ಟೆ ತುರುಕಿದ್ದೇನೆ. ಹಗಲು ಹೊರಗೆ ಹೋಗುವುದಿಲ್ಲ. ನೀರನ್ನೂ ಅಳೆದು ಕುಡಿಯುತ್ತೇನೆ.

ಎಲೆಗಳ ಅಂಚು ಕಂದಾಗಿದೆ.

ಮಾರ್ಚ್ 3, ಶುಕ್ರವಾರ

ಗಿರಣಿಯ ಅಂಗಳದಲ್ಲಿ ಸಭೆ ಸೇರಿಸಿದ್ದರು. ನನಗೆ ಹೇಳಿಕಳಿಸಿದ್ದರಿಂದ ಹೋಗಲೇಬೇಕಾಯಿತು. ಭಾವ ಒಂದು ಕಲ್ಲಿನ ಮೇಲೆ ಕೂತಿದ್ದರು, ಬೀಗದ ಕೈ ಹಿಡಿದುಕೊಂಡು. ಅಕ್ಕ ಹಿಂದೆ ನಿಂತಿದ್ದಳು.

ಗಿರಣಿಯವನು ಕಟ್ಟೆ ಹತ್ತಿದ. ಹಿಟ್ಟು ಮೆತ್ತಿದ ಹುಬ್ಬು, ಗಟ್ಟಿ ಗಂಟಲು. "ನನಗೂ ಈ ಮನುಷ್ಯನಿಗೂ ಹಗೆ ಇಲ್ಲ. ನನ್ನ ಮದುವೆಗೆ ಚಪ್ಪರ ಹಾಕಿದವರು ಇವರೇ. ಆದ್ರೆ ನನ್ನ ಮನೇಲಿ ಬಾಣಂತಿ ಇದಾಳೆ, ಎರಡು ಕೊಡದಲ್ಲಿ ದಿನ ಕಳೀತಿದೀವಿ. ಗುಡ್ಡದಲ್ಲಿ ನೀರಿದೆ ಅಂತ ಕಾಗದ ಹೇಳುತ್ತೆ. ಕಾಗದ ಬರೆದವನು ಇಲ್ಲೇ ಇದಾನೆ, ಇವರ ಸ್ವಂತ ಭಾಮೈದ. ಅವನೇ ಹೇಳಲಿ. ಸುಳ್ಳು ಅಂದ್ರೆ ನಾನು ಇವರ ಕಾಲಿಗೆ ಬೀಳ್ತೀನಿ."

ಎಲ್ಲರೂ ನನ್ನ ಕಡೆ ತಿರುಗಿದರು. ಭಾವನೂ ನೋಡಿದರು. ನನ್ನನ್ನು ನಂಬಿದ ಮುಖ ಅದು, ಸಮಾಧಾನವೇ ಇತ್ತು ಅದರಲ್ಲಿ.

"ಗುಡ್ಡದಲ್ಲಿ ನೀರಿದೆಯೋ ಇಲ್ವೋ?"

"ವರದಿಯಲ್ಲಿ ಹಾಗೇ ಇದೆ" ಅಂದೆ.

ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ವರದಿಯಲ್ಲಿ ಹಾಗೇ ಇದೆ.

ಮಾರ್ಚ್ 4, ಶನಿವಾರ

ಜಾವಕ್ಕೆ ಎದ್ದು ಸೊನ್ನೆ ಹಾಕಿದೆ.

ಮಾರ್ಚ್ 10, ಶುಕ್ರವಾರ

ಭಾವ ಬೀಗದ ಕೈಯನ್ನು ಗಿರಣಿಯವನ ಕೈಗಿಟ್ಟು, ಮಧ್ಯಾಹ್ನದ ಬಸ್ಸಿಗೆ ತಮ್ಮನ ಊರಿಗೆ ಹೋದರಂತೆ. ಆ ಮಡಿಚುವ ಕುರ್ಚಿ ತೊಟ್ಟಿಯ ಪಕ್ಕದಲ್ಲೇ ಇದೆಯಂತೆ. ಅಕ್ಕ ಹೋಗಲಿಲ್ಲ. "ನಾನೂ ಹೋದ್ರೆ ಒಪ್ಕೊಂಡ ಹಾಗಾಗುತ್ತೆ" ಅಂದಳಂತೆ. ಇದೆಲ್ಲ ಅಂಗಡಿಯವಳಿಂದ ತಿಳಿದದ್ದು.

ಮಾರ್ಚ್ 14, ಮಂಗಳವಾರ

ಪೆಟ್ಟಿಗೆಯ ತಂತಿಯನ್ನು ಕಿವಿಗೆ ಹಾಕಿಕೊಂಡೆ. ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ. ಎಣಿಸಲಾಗಲಿಲ್ಲ, ತೆಗೆದುಬಿಟ್ಟೆ. ತೆಗೆದ ಮೇಲೂ ಕೇಳುತ್ತಿತ್ತು.

ಮೇಡಂ ಎರಡು ಸಲ ಫೋನು ಮಾಡಿದ್ದಾರೆ. ಎತ್ತಲಿಲ್ಲ.

ಮಾರ್ಚ್ 19, ಭಾನುವಾರ

ಒಳ್ಳೆಯ ಸುದ್ದಿ. ಸದ್ದು ನಿಂತಿದೆ. ಗೂನಜ್ಜಿಯಿಂದ ಬೆಳಗಿನಿಂದ ಒಂದೂ ಟಿಕ್ ಇಲ್ಲ. ಪೆಟ್ಟಿಗೆಯನ್ನು ಹವಾಲ್ದಾರನಿಗೆ ಅಂಟಿಸಿದೆ, ಅಲ್ಲೂ ಇಲ್ಲ. ಜಾವದ ಅಂಕಿಯೂ ಏರಿದೆ: ಹತ್ತೂಮುಕ್ಕಾಲು. ಎಷ್ಟೋ ವರ್ಷದ ಮೇಲೆ ರಾತ್ರಿ ಮರಗಳು ಮಲಗಿವೆ. ದೇಹ ಹಗುರಾದ ಹಾಗಾಯಿತು. ಕಿಟಕಿ ತೆರೆದು, ಚಹಾ ಮಾಡಿಕೊಂಡು ಹೊಸ್ತಿಲ ಮೇಲೆ ಕೂತು ಕುಡಿದೆ. ಬಹಳ ಬೆಳಕು ಬೀಳುತ್ತಿತ್ತು.

ಮಧ್ಯಾಹ್ನ ಒಂದು ಗಂಟೆಗೆ ಮತ್ತೆ ನೋಡಿದೆ. ಹತ್ತೂಮುಕ್ಕಾಲು.

ಮಧ್ಯಾಹ್ನ.

ಮಾರ್ಚ್ 23, ಗುರುವಾರ

ಕೆಳಗೆ ಕೇಕೆ, ಶಿಳ್ಳೆ. ಒರತೆಗೆ ನೀರು ಬಂದಿದೆ. ನಿನ್ನೆ ರಾತ್ರಿ ತೊಟ್ಟಿ ಏರಿ ಬೆಳಿಗ್ಗೆ ಕಂಠಮಟ್ಟ ನಿಂತಿತ್ತಂತೆ, ಇವತ್ತು ಮುಚ್ಚಳದ ಸಂದಿಯಿಂದ ಹೊರಗೇ ಹರಿಯುತ್ತಿದೆಯಂತೆ. ಅಂಗಡಿಯವಳು ಪೊಟ್ಟಣ ಕಟ್ಟುತ್ತಾ ಹೇಳಿದಳು: "ನೋಡಿದೆಯಾ ಅಣ್ಣ, ಕೈ ಬದಲಾದ ಹದಿಮೂರೇ ದಿನಕ್ಕೆ! ಇನ್ನು ಸಾಕ್ಷಿ ಬೇಕಾ? ನಿನಗೆ ಬೇಜಾರಾಗುತ್ತೆ ಅಂತ ಗೊತ್ತು. ಆದ್ರೂ..." ಅಂದು ಒಂದು ಹಿಡಿ ಸಕ್ಕರೆ ಹೆಚ್ಚಿಗೆ ಹಾಕಿದಳು.

ಸಾಹೇಬರು ಒಮ್ಮೆ ಹೇಳಿದ್ದು ನೆನಪಿದೆ. ಕುಡಿಯುವವರು ಸತ್ತರೆ ಒರತೆ ಉಕ್ಕುತ್ತದೆ. ಬೇರುಗಳು ಸತ್ತ ಮೇಲೂ ಎರಡು ಮಳೆಗಾಲ ಮಣ್ಣು ಹಿಡಿದಿರುತ್ತವೆ. ಮೂರನೆಯದಕ್ಕೆ ಗುಡ್ಡ ಇಳಿಯುತ್ತದೆ. ಇಳಿಯುವುದಾದರೆ ಕೇರಿಯ ಮೇಲೆಯೇ, ಬೇರೆ ದಾರಿಯಿಲ್ಲ ಅದಕ್ಕೆ.

ಮಾರ್ಚ್ 26, ಭಾನುವಾರ

ಅಕ್ಕ ಬಂದಳು. ತಲೆಯ ಮೇಲೆ ಕೊಡ. ತುಂಬಿದ ಕೊಡ ಹೊತ್ತು ಅಷ್ಟು ಏರು ಹತ್ತಿದ್ದಾಳೆ. ಮೇಜಿನ ಮೇಲಿಟ್ಟಳು, ಕೂರಲಿಲ್ಲ.

"ಕುಡಿ. ಹೊಸ ನೀರು."

ಲೋಟಕ್ಕೆ ಬಗ್ಗಿಸಿಕೊಂಡೆ. ಕುಡಿಯಲಿಲ್ಲ. ಅವಳು ಬಾಗಿಲಾಚೆ ನೋಡುತ್ತಿದ್ದಳು. ತೋಪಿಡೀ ತುಕ್ಕು ಹಿಡಿದ ತಗಡಿನ ಬಣ್ಣ. ಕಾಲಿಟ್ಟಲ್ಲೆಲ್ಲ ಎಲೆ.

"ಗುಡ್ಡ ಹಸಿರಿರೋವಾಗ ಒರತೆ ಒಣಗಿತ್ತು. ಗುಡ್ಡ ಒಣಗಿದ ಮೇಲೆ ಒರತೆ ತುಂಬ್ತು" ಅಂದಳು ಅಕ್ಕ. "ನಾನು ಓದಿದೋಳಲ್ಲ. ಆದ್ರೆ ದಾರಿಯುದ್ದಕ್ಕೂ ಇದನ್ನೇ ಯೋಚಿಸ್ತಾ ಬಂದೆ. ರಾತ್ರಿ ಕುಡೀತಿದ್ದ ಕಳ್ಳ ಸತ್ತುಹೋದ. ಅಲ್ವಾ?"

ನಾನು ಲೋಟವನ್ನು ಮೇಜಿನ ಮೇಲಿಟ್ಟೆ.

"ನಿಂಗೆ ಗೊತ್ತಿತ್ತು."

ಹಳೇ ಪುಸ್ತಕಗಳಿದ್ದ ಕಪಾಟಿನ ಕಡೆ ನೋಡಿದೆ.

"ಯಾವತ್ತು ಗೊತ್ತಾಯ್ತು? ತಾರೀಖು ಹೇಳು. ನೀನು ತಾರೀಖು ಬರೆಯದೆ ಒಂದು ಲೋಟ ನೀರೂ ಕುಡಿಯೋನಲ್ಲ."

"ಫೆಬ್ರವರಿ ಹನ್ನೆರಡು" ಅಂದೆ.

ಅಕ್ಕ ಬೆರಳ ಗೆಣ್ಣುಗಳ ಮೇಲೆ ಎಣಿಸಿದಳು. ತುಟಿ ಅಲ್ಲಾಡುತ್ತಿತ್ತು. ಚಿಕ್ಕಂದಿನಲ್ಲಿ ನನಗೆ ಎಣಿಸಲು ಕಲಿಸಿದ್ದು ಅವಳೇ, ಇದೇ ರೀತಿ.

"ಅವರು ಊರು ಬಿಡೋವರೆಗೆ ಇಪ್ಪತ್ತಾರು ದಿನ. ಗೊತ್ತಾದ ಮೇಲೂ ಇಪ್ಪತ್ತಾರು ರಾತ್ರಿ ಆ ಮುದುಕನ್ನ ಆ ಕುರ್ಚಿ ಮೇಲೆ ಕೂರಿಸಿದೀಯ. ದಿನಾ ಬೆಳಿಗ್ಗೆ ಮನೆಗೆ ಬಂದು ಒಂದೇ ಮಾತು ಹೇಳ್ತಿದ್ರು ಕಣೋ. 'ನಿನ್ನ ತಮ್ಮ ನೋಡ್ತೀನಿ ಅಂದಿದಾನೆ, ಅವನು ನೋಡ್ತಾನೆ' ಅಂತ."

ಆಮೇಲೆ ಅವಳು ಮೇಜಿನ ಮೇಲಿನ ಈ ಡೈರಿಯ ರಟ್ಟು ಮುಟ್ಟಿದಳು.

"ಇದರಲ್ಲಿ ಬರೆದಿದೀಯಾ?"

"ಹೂಂ."

"ನಾಳೆ ಬರ್ತೀನಿ. ಕೊಡು. ಈ ಸಲ ಒಲೆಗಲ್ಲ."

ಕೊಡ ಇಲ್ಲೇ ಬಿಟ್ಟು ಹೋದಳು. ಅವಳು ಹೋದ ಮೇಲೆ ಮೊದಲಿಂದ ಓದಿದೆ. ಬರೆಯುವಾಗ ಒಂದೊಂದು ದಿನವೂ ಸಣ್ಣದಿತ್ತು. ಒಲೆ ಅಲ್ಲೇ ಇದೆ, ಕಡ್ಡಿಪೆಟ್ಟಿಗೆಯೂ ಇದೆ. ಒಳಗೆ ಏನೂ ಇಲ್ಲದ ಕಾಗದ ಚೆನ್ನಾಗಿ ಉರಿಯುತ್ತದಂತೆ. ಇದು ಹೇಗೆ ಉರಿಯುವುದೋ ತಿಳಿಯದು.

ಮಾರ್ಚ್ 27, ಸೋಮವಾರ

ಜಾವ. ಹವಾಲ್ದಾರ ಹನ್ನೊಂದು. ಗೂನಜ್ಜಿ ಹನ್ನೊಂದು. ಅಳುಮುಂಜಿ ಹನ್ನೊಂದು. ಹನ್ನೆರಡಕ್ಕೂ ಹನ್ನೊಂದು. ಸೊನ್ನೆ ಹಾಕುವ ಕೆಲಸವಿರಲಿಲ್ಲ. ಒಬ್ಬೊಬ್ಬರ ಕಾಂಡದ ಮೇಲೂ ಕೈಯಿಟ್ಟು, ನಡೆದದ್ದನ್ನೆಲ್ಲ ಹೇಳಿದೆ. ತಿಂಗಳಾಗಿತ್ತು ಅವರ ಜೊತೆ ಮಾತಾಡಿ.

ಏಳು ಗಂಟೆಗೆ ಮೇಡಂಗೆ ಫೋನು ಮಾಡಿ ಹನ್ನೊಂದರ ವಿಷಯ ಹೇಳಿದೆ. "ಕೇರಿಯವರಿಗೆ ಹೇಳಿದ್ದೀರಾ?" ಅಂದರು. ಈ ಸಲ 'ಅಣ್ಣ' ಇರಲಿಲ್ಲ. ಇವತ್ತು ಹೇಳುತ್ತೇನೆ ಅಂದೆ. ಮೂರನೇ ಮಳೆಗಾಲದ ಮಾತೂ ಹೇಳಬೇಕು.

ಫೆಬ್ರವರಿ 12ರ ಹಾಳೆಯ ಮೂಲೆ ಮಡಿಚಿಟ್ಟಿದ್ದೇನೆ, ಅಕ್ಕ ಹುಡುಕುವಂತಾಗಬಾರದು. ಮಾರ್ಚ್ 3ರದ್ದನ್ನೂ ಮಡಿಚಿದೆ. ಸಭೆಯಲ್ಲಿ ಇದನ್ನು ಓದುವವನು ಗಿರಣಿಯವನೇ ಆಗಲಿ, ಕೇರಿಯಲ್ಲಿ ಗಟ್ಟಿ ಗಂಟಲು ಅವನದು. ಓದುವಾಗ ನಾನು ಭಾವ ಕೂತಿದ್ದ ಆ ಕಲ್ಲಿನ ಮೇಲೆ ಕೂತಿರುತ್ತೇನೆ.

ಅಕ್ಕ ಏರು ಹತ್ತಿ ಬರುತ್ತಿದ್ದಾಳೆ. ಇನ್ನೂ ಬುಡದಲ್ಲೇ ಇದ್ದಾಳೆ, ಬರಲು ಅರ್ಧ ಗಂಟೆಯಾದರೂ ಬೇಕು. ಅಡ್ಡ ಒಂದೆಲೆಯೂ ಇಲ್ಲದ್ದರಿಂದ ಇಲ್ಲಿಂದಲೇ ಸ್ಪಷ್ಟವಾಗಿ ಕಾಣುತ್ತಾಳೆ.